ಸೂಟ್‌ಕೇಸಿನ ಜೊತೆ ಹೋದ ಜ್ವರ



ಜಯನಗರದಿಂದಲೋ ಬನಶಂಕರಿಯಿಂದಲೋ ಪರದೇಶಕ್ಕೆ ಓದಲು ಹೊರಟ ನಿನಗೆ ಅಲ್ಲಿನ ಚಳಿ, ಅಲ್ಲಿನ ನೀರು, ಅಲ್ಲಿನ ಊಟದ ಬಗ್ಗೆ ಎಲ್ಲರೂ ಎಚ್ಚರಿಕೆ ಹೇಳಿರುತ್ತಾರೆ. ನನ್ನ ಮಾತು ಅದಕ್ಕೆ ತಿರುಗುಮುರುಗು. ಅಲ್ಲಿಗೆ ಹೋಗಿ ವಾರದೊಳಗೆ ಕಾರಣ ತಿಳಿಯದೆ ಜ್ವರ ಬಂದು, ಕಣ್ಣುಗುಡ್ಡೆಯ ಹಿಂದೆ ನೋವು ಶುರುವಾಗಿ ಮೈಕೈ ಮುರಿದು ಹಾಕಿದಂತಾದರೆ, ಮೊದಲು ಬಿಟ್ಟುಬಂದ ಊರನ್ನೇ ಅನುಮಾನಿಸು. ಡೆಂಗಿ ವೈರಸ್ ಮೈ ಹೊಕ್ಕ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು; ವಿಮಾನಕ್ಕೆ ಒಂದೇ ದಿನ ಸಾಕು. ಅಮೆರಿಕದ ಕಾಲೇಜುಗಳು ತೆರೆಯುವುದು ಆಗಸ್ಟ್ ಹೊತ್ತಿಗೆ, ನಮ್ಮಲ್ಲಿ ಸೊಳ್ಳೆ ಹೆಚ್ಚುವ ಮಳೆಗಾಲವೂ ಅದೇ. ಬಿ.ಟಿ.ಎಂ. ಲೇಔಟ್‌ನ ಪಿ.ಜಿ. ತಾರಸಿಯ ಮುಚ್ಚಳವಿಲ್ಲದ ಡ್ರಮ್ಮು, ಬಾಲ್ಕನಿಯ ಹೂಕುಂಡದ ಕೆಳಗಿನ ತಟ್ಟೆ, ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರೇ ಧಾರಾಳ. ಅದು ಕಚ್ಚುವುದು ಹಗಲಲ್ಲಿ, ನೀನು ಪ್ಯಾಕಿಂಗ್ ಮಾಡುತ್ತ ಕೂತಿರುವಾಗ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ್ದು ಸುಮ್ಮನೆ ಅಲ್ಲ.

ಹೀಗಾಗಿ ಇಲ್ಲಿ ದಿನಾಂಕವೇ ಸಾಕ್ಷಿ. ಊರು ಬಿಟ್ಟು 14 ದಿನ ದಾಟಿದ ಮೇಲೆ ಬಂದ ಜ್ವರವನ್ನು ಬೆಂಗಳೂರಿನ ಡೆಂಗಿಯ ತಲೆಗೆ ಕಟ್ಟುವುದು ಕಷ್ಟ. ಮಲೇರಿಯಾ ಹಾಗಲ್ಲ, ವೈವ್ಯಾಕ್ಸ್ ಜಾತಿಯದು ಲಿವರಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂರಬಲ್ಲದು. ಪರದೇಶದಲ್ಲಿ ನೆಲೆಸಿ, ರಜೆಗೆ ಇಲ್ಲಿಗೆ ಬಂದು ಹೋದವರನ್ನು ಡಾಕ್ಟರು "ಇತ್ತೀಚೆಗೆ ಪ್ರವಾಸ ಹೋಗಿದ್ದಿರಾ?" ಎಂದು ಕೇಳಿದರೆ "ಇಲ್ಲ, ಮನೆಗೆ ಹೋಗಿದ್ದೆ ಅಷ್ಟೆ" ಎಂದುಬಿಡುವ ಸಂಭವವೇ ಜಾಸ್ತಿ. ತವರಿಗೆ ಹೋಗುವುದನ್ನು ಯಾರು ತಾನೇ ಪ್ರವಾಸ ಅನ್ನುತ್ತಾರೆ? ಆ ಒಂದು ಉತ್ತರಕ್ಕೆ ರಕ್ತಪರೀಕ್ಷೆಯ ದಾರಿಯೇ ತಪ್ಪಿಹೋಗಬಹುದು.

ಬಹುಪಾಲು ಜ್ವರ ತಾನಾಗಿ ಇಳಿಯುತ್ತದಲ್ಲ, ಇಷ್ಟೇಕೆ ಗಾಬರಿ ಎನ್ನುತ್ತೀಯ. ಇಳಿಯುತ್ತದೆ, ಒಪ್ಪಿದೆ. ಆದರೆ ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನ ಒಂದೆರಡು ದಿನವೇ ಅಪಾಯದ್ದು. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಇವು ಕಂಡರೆ ಆಸ್ಪತ್ರೆಗೆ ಹೋಗಲೇಬೇಕು. ಅಮ್ಮ ಕಟ್ಟಿಕೊಟ್ಟ ಮಾತ್ರೆ ಡಬ್ಬಿಯಲ್ಲಿ ಡೋಲೊ ಇರಲಿ, ಅದೂ ಅಳತೆ ಮೀರದಂತೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ. ಡೆಂಗಿಯ ಅನುಮಾನವಿರುವಾಗ ಅದನ್ನು ಮುಟ್ಟಬೇಡ, ರಕ್ತಸ್ರಾವದ ಭಯ ಹೆಚ್ಚುತ್ತದೆ. ಮಿಕ್ಕಿದ್ದ ಆಂಟಿಬಯಾಟಿಕ್ ನುಂಗಿ ಹೋದರೆ ಟೈಫಾಯ್ಡ್ ಇದ್ದರೂ ರಕ್ತದ ಕಲ್ಚರಿನಲ್ಲಿ ಸಿಕ್ಕದೆ ಹೋದೀತು. ವಾಟ್ಸ್‌ಆ್ಯಪಿನಲ್ಲಿ ಫ್ಯಾಮಿಲಿ ಡಾಕ್ಟರನ್ನು ಕೇಳು, ಬೇಡವೆನ್ನುವುದಿಲ್ಲ. ಹೊಟ್ಟೆ ಒತ್ತಿ ನೋಡುವುದಕ್ಕೆ ಮಾತ್ರ ಎದುರಿಗೊಬ್ಬರು ಬೇಕು. ಇಂಡಿಯಾದಿಂದ ತಂದ ಜ್ವರ ಎಂದರೆ ರೂಮ್‌ಮೇಟುಗಳು ದೂರ ಇಟ್ಟಾರೆಂಬ ಅಳುಕೂ ಇರಬಹುದು. ಡೆಂಗಿ ಮುಟ್ಟಿದ್ದಕ್ಕೆ, ಕೆಮ್ಮಿದ್ದಕ್ಕೆ ಅಂಟುವುದಿಲ್ಲವೆಂದು ಅವರಿಗೆ ಹೇಳು. ಡಾಕ್ಟರ ಹತ್ತಿರವಂತೂ ಏನನ್ನೂ ಮುಚ್ಚಿಡಬೇಡ.

ಪಾಸ್‌ಪೋರ್ಟಿನ ಜೊತೆ ಒಂದು ಚೀಟಿ ಇಟ್ಟುಕೋ: ಊರು ಬಿಟ್ಟ ದಿನ, ಅದರ ಹಿಂದಿನ ಮೂರು ವಾರ ಓಡಾಡಿದ ಜಾಗ, ನುಂಗಿದ ಮಾತ್ರೆ. ಹೊರಡುವ ಮುಂಚೆ ಮನೆದೇವರಿಗೆ ಹೋಗಿಬರುವುದು ವಾಡಿಕೆ. ಆ ಗುಡಿ ಮಲೆನಾಡಿನಲ್ಲಿದ್ದು, ನೀನು ಹೊರಡುವುದು ಜನವರಿಯಲ್ಲಾದರೆ ಅದನ್ನೂ ಬರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ, ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಕಾಣಿಸುತ್ತದೆ. ಮಂಕಿ ಫೀವರ್ ಎಂದು ಬರೆದೀಯ ಮತ್ತೆ, ಅಲ್ಲಿನವರು ಮಂಕಿಪಾಕ್ಸ್ ಎಂದುಕೊಂಡಾರು. ಕ್ಯಾಸನೂರು ಎಂದೇ ಇಂಗ್ಲಿಷಿನಲ್ಲಿ ಬರೆದಿಡು.