ಪಾಂಡಾ, ನರಿ ಮತ್ತು ನಮ್ಮ ಬೆಟ್ಟದ ಕರಡಿ



ಹೋದ ವಾರ ವಿಜ್ಞಾನದ ಪಾಠದಲ್ಲಿ ಮೇಷ್ಟ್ರು "ಪಾಂಡಾಗೂ ನರಿಗೂ ಏನಾದ್ರೂ ಸಂಬಂಧ ಇದೆಯೇನ್ರೋ?" ಎಂದು ಕೇಳಿದರು. ನಾನು ಎದ್ದು ನಿಂತು, "ಇಲ್ಲ ಸಾರ್, ಪಾಂಡಾ ಬಿದಿರು ತಿನ್ನುತ್ತೆ, ನರಿ ಕೋಳಿ ಕದಿಯುತ್ತೆ" ಅಂದೆ. ಎಲ್ಲರೂ ಹೌದು ಹೌದು ಅಂದರು. ಮೇಷ್ಟ್ರು ನಕ್ಕು, "ಓದ್ಕೊಂಡು ಬಂದು ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿದೆ. ನನ್ನ ಉತ್ತರ ತಪ್ಪು.

ಕೆಂಪು ನರಿಯೂ ದೈತ್ಯ ಪಾಂಡಾವೂ ಸ್ತನಿಗಳ ವರ್ಗದಲ್ಲಿ ಮಾಂಸಾಹಾರಿ ಗಣಕ್ಕೆ ಸೇರಿದವು. ಈ ಗಣದಲ್ಲಿ ಎರಡು ಕವಲು. ಒಂದು ಬೆಕ್ಕಿನ ಕಡೆಯದು, ಇನ್ನೊಂದು ನಾಯಿಯ ಕಡೆಯದು. ನರಿ, ತೋಳ, ಕರಡಿ, ನೀರುನಾಯಿ ಎಲ್ಲಾ ನಾಯಿಯ ಕಡೆ. ಹುಲಿ, ಮುಂಗುಸಿ, ಪುನುಗು ಬೆಕ್ಕು ಬೆಕ್ಕಿನ ಕಡೆ. ನೋಡಲು ನಾಯಿಯಂತೆಯೇ ಇರುವ ಕತ್ತೆಕಿರುಬ ಕೂಡ ಬೆಕ್ಕಿನ ಕಡೆಯದಂತೆ! ಮುಖ ನೋಡಿ ನೆಂಟಸ್ತನ ಹೇಳಲಾಗದು. ಪಾಂಡಾ ಕರಡಿಯ ಕುಟುಂಬದ್ದು, ನರಿ ನಾಯಿಯ ಕುಟುಂಬದ್ದು. ಈ ಎರಡು ಮನೆತನಗಳು ಬೇರೆಯಾಗಿ ನಾಲ್ಕು ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಅಂದರೆ ದೂರದ ದಾಯಾದಿಗಳು.

ಪಾಂಡಾ ಕರಡಿ ಹೌದೋ ಅಲ್ಲವೋ ಎಂದು ವಿಜ್ಞಾನಿಗಳೇ ನೂರು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದ್ದಾರೆ. 1869ರಲ್ಲಿ ಅರ್ಮಾಂಡ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿ ಚೀನಾದಲ್ಲಿ ಅದನ್ನು ಕಂಡು ಕರಡಿ ಎಂದರು. ಮರುವರ್ಷವೇ ಮಿಲ್ನ್ ಎಡ್ವರ್ಡ್ಸ್ ಎಂಬುವರು ಅದರ ಹಲ್ಲು, ಮೂಳೆ ನೋಡಿ ಕರಡಿ ಅಲ್ಲ ಎಂದರು. 1985ರಲ್ಲಿ ಡಿಎನ್ಎ ಹೋಲಿಸಿ ನೋಡಿದ ಮೇಲೆ ಕರಡಿಯೇ ಎಂದು ತೀರ್ಮಾನವಾಯಿತು.

ನಮ್ಮ ಕರಡಿಗೂ ಇದೇ ಪಾಡು ಬಂದಿತ್ತು! 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲಿಷ್ ಪಂಡಿತರು ಅದರ ಉದ್ದ ಉಗುರು ನೋಡಿ, ಅಮೆರಿಕದಲ್ಲಿ ಮರಕ್ಕೆ ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಜೊತೆ ಸೇರಿಸಿಬಿಟ್ಟರು. ತಪ್ಪು ತಿದ್ದಿಯಾಯಿತು, ಆದರೆ ಇಂಗ್ಲಿಷಿನಲ್ಲಿ ಇವತ್ತಿಗೂ ಅದರ ಹೆಸರು ಸ್ಲಾತ್ ಬೇರ್. ನಮ್ಮ ಕರಡಿ ಸೋಮಾರಿಯೇ? ಗಟ್ಟಿ ಹುತ್ತವನ್ನು ಅಗೆದು ಹಾಕಿದ್ದನ್ನು ನೋಡಿದವರು ಹೇಳಲಿ.

ಈ ಹುತ್ತದ ವಿಷಯ ಚೆನ್ನಾಗಿದೆ. ನರಿಗೆ 42 ಹಲ್ಲು, ನಮ್ಮ ಕರಡಿಗೆ 40. ಮೇಲಿನ ಮುಂದಿನ ಎರಡು ಹಲ್ಲು ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಎಳೆದುಕೊಳ್ಳುತ್ತದೆ. ಮಣ್ಣು ಹೋಗದ ಹಾಗೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಪಾಂಡಾಗೆ ಬೇರೆ ಉಪಾಯ. ಮುಂಗಾಲಿನ ಮಣಿಕಟ್ಟಿನ ಒಂದು ಮೂಳೆ ಹೆಬ್ಬೆರಳಿನಂತೆ ಬೆಳೆದಿದೆ, ಅದರಿಂದ ಬಿದಿರು ಹಿಡಿಯುತ್ತದೆ. ಆದರೆ ಕರುಳು ಮಾತ್ರ ಮಾಂಸ ತಿನ್ನುವ ಪ್ರಾಣಿಯಂತೆಯೇ ಗಿಡ್ಡ. ಹಸುವಿನಂತೆ ಮೆಲುಕು ಹಾಕಲಾರದು. ತಿಂದದ್ದರಲ್ಲಿ ಹೆಚ್ಚು ಪಾಲು ಜೀರ್ಣವಾಗದೆ ಹೊರಗೆ ಹೋಗುವುದರಿಂದ ದಿನವೆಲ್ಲಾ ಮೇಯಬೇಕು.

ಮಾಂಸಾಹಾರಿ ಗಣ ಅಂತ ನಾನು ಜೋರಾಗಿ ಓದಿದಾಗ ತಂಗಿ ಹೆದರಿದಳು. "ಅಂಗಾದ್ರೆ ಕರಡಿ ನಮ್ಮುನ್ನೂ ತಿನ್ತದಾ ಅಣ್ಣ?" ಅಂದಳು. ರಾಮದೇವರ ಬೆಟ್ಟದ ಕಡೆ ಕರಡಿ ಇರೋದು ಅವಳಿಗೆ ಗೊತ್ತು. ತಿನ್ನುವುದಿಲ್ಲ. ಗಣದ ಹೆಸರು ವಂಶದ್ದು, ಊಟದ್ದಲ್ಲ. ಕರಡಿಗೆ ಗೆದ್ದಲು, ಜೇನು, ನೇರಳೆ, ಎಲಚಿ ಇದ್ದರೆ ಸಾಕು. ಆದರೂ ಮೈಮೇಲೆ ಬೀಳುತ್ತದೆ, ಅದು ಸುಳ್ಳಲ್ಲ. ತಲೆ ತಗ್ಗಿಸಿ ಅಗೆಯುತ್ತಿರುವಾಗ ಹತ್ತಿರ ಬಂದವರನ್ನು ಕಂಡು ಗಾಬರಿಯಾಗಿ ಬೀಳುತ್ತದೆ. ಬೆನ್ನ ಮೇಲೆ ಮರಿ ಇದ್ದರಂತೂ ಕೇಳಲೇಬೇಡಿ. ಅದಕ್ಕೇ ಮುಂಜಾನೆ, ಮುಸ್ಸಂಜೆ ಬೆಟ್ಟದ ಕಡೆ ಹೋಗುವವರು ಒಬ್ಬರೇ ಹೋಗಬಾರದು, ಮಾತಾಡುತ್ತಾ ಸದ್ದು ಮಾಡುತ್ತಾ ಹೋಗಬೇಕು.

ಕೆಂಪು ನರಿ ನಮ್ಮಲ್ಲಿಲ್ಲ, ಹಿಮಾಲಯದ ಕಡೆ ಇದೆ. ಕರ್ನಾಟಕದ ಬಯಲಿನಲ್ಲಿರುವ, ಬಾಲದ ತುದಿ ಕಪ್ಪಗಿರುವ ಸಣ್ಣ ನರಿ ಅದರದೇ ಜಾತಿಯ ಇನ್ನೊಂದು ಪ್ರಭೇದ. ಹೆಜ್ಜೆ ನೋಡಿ ಗುರುತಿಸಬಹುದು. ನರಿ ಬೆರಳ ಮೇಲೆ ನಡೆಯುತ್ತದೆ, ನಾಲ್ಕು ಬೆರಳು, ಮುಂದೆ ಉಗುರಿನ ಚುಕ್ಕಿ. ಕರಡಿ ನಮ್ಮ ಹಾಗೆ ಅಂಗಾಲು ಊರುತ್ತದೆ, ಐದು ಬೆರಳು. ಮೊನ್ನೆ ಮಳೆ ನಿಂತ ಮೇಲೆ ಹೊಲದ ಬದುವಿನಲ್ಲಿ ನಾಲ್ಕು ಬೆರಳಿನ ಸಣ್ಣ ಹೆಜ್ಜೆ ಸಿಕ್ಕಿತು. ನರಿದು ಅಂತ ನಾನು, ನಾಯಿದು ಅಂತ ತಂಗಿ. ಜಗಳ ಇನ್ನೂ ಮುಗಿದಿಲ್ಲ.