ಅಕ್ಷರ ಯಾರ ಸೊತ್ತು? ಗಣಕಲೋಕದ ವಿವಾದಗಳೂ ನಮ್ಮ ಮಾತಿನ ಹೊಣೆಯೂ

ಇಶಾ ನಮಾಝಿನ ನಂತರ ಹಾವೇರಿಯ ಯಾವುದೇ ಮೊಹಲ್ಲಾದ ಕಟ್ಟೆಯ ಬಳಿ ಅರ್ಧ ಗಂಟೆ ಕುಳಿತರೆ ಸಾಕು, ಮಾತು ಫೋನು ಮತ್ತು ಕಂಪ್ಯೂಟರ್ ಕಂಪೆನಿಗಳತ್ತ ಹೊರಳುತ್ತದೆ. ರಾಣೇಬೆನ್ನೂರಿನ ಮೊಬೈಲ್ ರಿಪೇರಿ ಅಂಗಡಿಗಳಲ್ಲೂ ಬ್ಯಾಡಗಿಯ ಅಡತಿ ಅಂಗಡಿಗಳಲ್ಲೂ ಇದೇ ಚರ್ಚೆ. ಯಾವ ಕಂಪೆನಿ ಯಾರ ಮೇಲೆ ದಾವೆ ಹೂಡಿತು, ಯಾರ ಪೇಟೆಂಟನ್ನು ಯಾರು ಮುರಿದರು, ಯಾವ ಸಾಫ್ಟ್‌ವೇರ್ ಯಾವುದರ ನಕಲು ಎಂದು ನಮ್ಮ ಯುವಕರು ಕಣ್ಣಾರೆ ಕಂಡವರಂತೆ ವಾದಿಸುತ್ತಾರೆ. ಲೋಕದ ವಿದ್ಯಮಾನಗಳನ್ನು ತಿಳಿಯುವುದು ತಪ್ಪಲ್ಲ, ಅದು ಬೇಕಾದದ್ದೇ. ಆದರೆ ಈ ಮಾತುಗಳಲ್ಲಿ ‘ಕದ್ದ’, ‘ಕಳ್ಳ’ ಎಂಬ ಪದಗಳು ಬಹಳ ಸಲೀಸಾಗಿ ಬಂದು ಹೋಗುತ್ತವೆ. ಒಬ್ಬ ಮನುಷ್ಯನನ್ನು ಕಳ್ಳನೆಂದು ಕರೆಯುವುದು ಹಕ್ಕುಲ್ ಇಬಾದ್‌ಗೆ, ಅಂದರೆ ಮನುಷ್ಯರು ಪರಸ್ಪರರಿಗೆ ಸಲ್ಲಿಸಬೇಕಾದ ಹಕ್ಕುಗಳಿಗೆ ಸಂಬಂಧಿಸಿದ ವಿಷಯ. ಕೇವಲ ತೌಬಾದಿಂದ ಅದು ತೀರುವುದಿಲ್ಲ, ಆರೋಪಕ್ಕೊಳಗಾದವನು ಕ್ಷಮಿಸಬೇಕಾಗುತ್ತದೆ. ಹಾಗಿರುವಾಗ, ಕದ್ದದ್ದು ಏನು, ಅದು ಕದಿಯಬಹುದಾದ ವಸ್ತುವೇ, ಅದಕ್ಕೆ ಒಡೆಯನಿದ್ದಾನೆಯೇ ಎಂದು ಅರಿಯದೆ ನಾಲಗೆ ಹರಿಯಬಿಡುವುದು ಸರಿಯೇ?

ಆಪಲ್ ಮತ್ತು ಸ್ಯಾಮ್‌ಸಂಗ್ ಕಂಪೆನಿಗಳು 2011ರಿಂದ 2018ರವರೆಗೆ ಅಮೆರಿಕದ ನ್ಯಾಯಾಲಯಗಳಲ್ಲಿ ಹೋರಾಡಿ ಕೊನೆಗೆ ರಾಜಿ ಮಾಡಿಕೊಂಡವು. ಆ ದೂರದ ಜಗಳವನ್ನು ಸದ್ಯ ಬದಿಗಿಟ್ಟು, ನಮ್ಮ ಭಾಷೆಯ ಅಂಗಳದಲ್ಲೇ ನಡೆದ ವಿವಾದವೊಂದನ್ನು ಪಾಠಕ್ಕೆ ಎತ್ತಿಕೊಳ್ಳೋಣ.

ಬರಹ ಮತ್ತು ನುಡಿ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿ, ಪರದೆಯ ಮೇಲೆ ಆ ಸಂಖ್ಯೆಗೆ ತಕ್ಕ ಆಕಾರವನ್ನು ಮೂಡಿಸುವುದೇ ಅದರ ಕೆಲಸ. ಕನ್ನಡ ಮೊದಲಿಗೆ ಗಣಕಕ್ಕೆ ಬಂದಾಗ ಶ್ರೀಲಿಪಿ, ಆಕೃತಿ, ಪ್ರಕಾಶಕ ಮುಂತಾದ ತಂತ್ರಾಂಶಗಳು ತಮ್ಮ ತಮ್ಮ ಇಷ್ಟದಂತೆ ಈ ಸಂಖ್ಯೆಗಳನ್ನು ಹಂಚಿಕೊಂಡಿದ್ದವು. ಇದರಿಂದಾಗಿ ರಾಣೇಬೆನ್ನೂರಿನ ಡಿಟಿಪಿ ಅಂಗಡಿಯಲ್ಲಿ ತಯಾರಾದ ನಿಕಾಹ್ ಪತ್ರಿಕೆಯನ್ನು ಹಾವೇರಿಯ ಬೇರೊಂದು ಮುದ್ರಣಾಲಯದಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳ ಸಾಲು ಕಾಣಿಸುತ್ತಿತ್ತು. ಆ ಕಾಲದಲ್ಲಿ ಕರಪತ್ರ ಮುದ್ರಿಸಿದ ಹಿರಿಯರಿಗೆ ಈ ತೊಂದರೆಯ ಪರಿಚಯ ಚೆನ್ನಾಗಿಯೇ ಇದೆ.

ಇಂಥ ಪರಿಸ್ಥಿತಿಯಲ್ಲಿ ಕೆ.ಪಿ. ರಾವ್ ಅವರು ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಬೆರಳಚ್ಚಿಸುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿ, ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಮುಂದೆ ಸರಕಾರವು ಒಪ್ಪಿದ ಕೀಲಿಮಣೆಗೂ ಅದೇ ಆಧಾರವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಹೊರತಂದು ಉಚಿತವಾಗಿ ಹಂಚಿದರು. ಅದರ ಬಳಿಕ ರಾಜ್ಯ ಸರಕಾರದ ಆಶ್ರಯದಲ್ಲಿ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಸರಕಾರಿ ಕಚೇರಿಗಳಲ್ಲಿ ನುಡಿ ಬಳಕೆಗೆ ಬಂತು. ಬರಹದ ಅಕ್ಷರಗಳನ್ನೇ ತೆಗೆದುಕೊಂಡು ನುಡಿಯನ್ನು ಮಾಡಲಾಗಿದೆ ಎಂಬ ಆಕ್ಷೇಪ ಎದ್ದಿತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ನುಡಿಯನ್ನು ಕಟುವಾಗಿ ಟೀಕಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ಎಂಬ ಬೇರೊಂದು ತಂತ್ರಾಂಶ ಬರಲು ಶ್ರಮಿಸಿದರು. ಕನ್ನಡದ ಅಭಿಮಾನಿಗಳು ಎರಡು ಪಂಗಡವಾದರು. ಕನ್ನಡಕ್ಕಾಗಿ ಸಂಬಳವಿಲ್ಲದೆ ದುಡಿದವರು ಪರಸ್ಪರರ ಬೆಂಬಲಿಗರಿಂದ ಕೇಳಬಾರದ ಮಾತು ಕೇಳಿದರು.

ಇಲ್ಲಿ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ‘ನಕಲು’ ಎಂಬ ಒಂದೇ ಪದದ ಒಳಗೆ ಎಷ್ಟು ಬೇರೆ ಬೇರೆ ಪ್ರಶ್ನೆಗಳು ಅಡಗಿದ್ದವು ಎಂಬುದನ್ನು ನೋಡೋಣ. ಎರಡು ತಂತ್ರಾಂಶಗಳಲ್ಲಿ ಒಂದೇ ಅಕ್ಷರಕ್ಕೆ ಒಂದೇ ಸಂಖ್ಯೆ ಇದ್ದರೆ ಅದು ದೋಷವಲ್ಲ, ಎಲ್ಲರಲ್ಲೂ ಹಾಗೆಯೇ ಇರಬೇಕು. ಅದಕ್ಕೆ ಶಿಷ್ಟತೆ ಎಂದು ಹೆಸರು. ಬ್ಯಾಡಗಿಯ ಪೇಟೆಯಲ್ಲಿ ಒಂದು ಅಂಗಡಿಯ ಕ್ವಿಂಟಾಲಿಗೂ ಇನ್ನೊಂದು ಅಂಗಡಿಯ ಕ್ವಿಂಟಾಲಿಗೂ ವ್ಯತ್ಯಾಸವಿದ್ದರೆ ರೈತನ ಗತಿಯೇನು? ತೂಕದ ಅಳತೆಗೆ ಒಡೆಯನಿಲ್ಲ. ಕೀಲಿಮಣೆಯೂ ಒಂದೇ ಎಂಬುದು ಇನ್ನೊಂದು ಮಾತು. ಅದನ್ನು ರೂಪಿಸಿದವರೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದರು, ಹಾಗಾಗಿ ಬಳಸಿದವನನ್ನು ದೂರುವಂತಿಲ್ಲ. ಆದರೆ ಅಕ್ಷರದ ಆಕಾರ, ಅಂದರೆ ಫಾಂಟು, ಒಬ್ಬ ಕಲಾವಿದ ಬಳುಕು ತಿದ್ದಿ ತೀಡಿ ಬರೆದ ಕೆಲಸ. ಅದನ್ನು ಕೇಳದೆ ತೆಗೆದುಕೊಂಡರೆ ಆತನ ಶ್ರಮಕ್ಕೆ ಧಕ್ಕೆ. ತಂತ್ರಾಂಶದ ಒಳಗಿನ ಬರವಣಿಗೆಯದು ಮತ್ತೂ ಬೇರೆ ವಿಷಯ; 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಂದ ತಿದ್ದುಪಡಿಯಿಂದ ಅದು ಪುಸ್ತಕದಂತೆಯೇ ಕಾನೂನಿನ ರಕ್ಷಣೆ ಪಡೆದಿದೆ. ಇವಿಷ್ಟನ್ನೂ ಒಂದೇ ಚೀಲಕ್ಕೆ ತುಂಬಿ ‘ಕದ್ದರು’ ಎಂದವನೂ ನ್ಯಾಯ ಮಾಡಲಿಲ್ಲ, ‘ಏನೂ ಆಗಿಲ್ಲ, ಕನ್ನಡ ಎಲ್ಲರದೂ’ ಎಂದವನೂ ನ್ಯಾಯ ಮಾಡಲಿಲ್ಲ. ಕನ್ನಡ ಎಲ್ಲರದೂ ನಿಜ. ಆದರೆ ಒಬ್ಬನು ರಾತ್ರಿ ನಿದ್ದೆಗೆಟ್ಟು ಬರೆದ ತಂತ್ರಾಂಶ ಅದರಿಂದ ಎಲ್ಲರ ಸೊತ್ತಾಗಿಬಿಡುವುದಿಲ್ಲ.

ಮೂಲದ ತೊಂದರೆಗೆ ಪರಿಹಾರ ಬಂದದ್ದು ಯುನಿಕೋಡ್‌ನಿಂದ. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಈ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ‘ಕ’ ಅಕ್ಷರದ ಸಂಖ್ಯೆ 3221. ಬೆಂಗಳೂರಿನಲ್ಲೂ ದುಬೈಯಲ್ಲೂ ಅದು 3221 ಮಾತ್ರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ಸೇರಿಕೊಂಡಿತು. ಇಂದು ಫೋನಿನಲ್ಲಿ ನಾವು ಕಳುಹಿಸುವ ಸಲಾಮು ಇನ್ನೊಬ್ಬರ ಫೋನಿನಲ್ಲಿ ಸಲಾಮಾಗಿಯೇ ಕಾಣುವುದಕ್ಕೆ ಇದೇ ಕಾರಣ.

ತಂದೆ, ಮಗ ಮತ್ತು ಒಂದು ಮಸ್‌ಅಲಾ

ಕಣ್ಣಿಗೆ ಕಾಣದ, ಕೈಗೆ ಸಿಗದ ಹಕ್ಕು ಶರೀಅತ್ತಿನ ದೃಷ್ಟಿಯಲ್ಲಿ ಸೊತ್ತು ಆಗುತ್ತದೆಯೇ? ನಮ್ಮ ಉಲಮಾಗಳು ಇದನ್ನು ಗಂಭೀರವಾಗಿ ಚರ್ಚಿಸಿದ್ದಾರೆ. ದೇವಬಂದಿನ ಮುಫ್ತಿಯಾಗಿದ್ದ, 1976ರಲ್ಲಿ ನಿಧನರಾದ ಮುಫ್ತಿ ಮುಹಮ್ಮದ್ ಶಫೀ ಸಾಹೇಬರು ಗ್ರಂಥಸ್ವಾಮ್ಯವನ್ನು ಒಪ್ಪಲಿಲ್ಲ. ಪುಸ್ತಕ ಕೊಂಡವನು ಅದರ ಒಡೆಯನಾದ ಮೇಲೆ ಅದನ್ನು ಮುದ್ರಿಸಬಾರದೆಂದು ತಡೆಯುವುದು ಹೇಗೆ, ಬರಿಯ ಹಕ್ಕನ್ನು ಮಾರುವುದು ಹೇಗೆ ಎಂಬುದು ಆ ಪಕ್ಷದ ವಾದದ ತಿರುಳು. ಅವರ ಸುಪುತ್ರರೇ ಆದ ಮುಫ್ತಿ ತಖೀ ಉಸ್ಮಾನಿ ಸಾಹೇಬರು ಇದೇ ಮಸ್‌ಅಲಾವನ್ನು ಪುನಃ ಪರಿಶೀಲಿಸಿ, ವ್ಯಾಪಾರಿಗಳ ರೂಢಿಯಲ್ಲಿ ಬೆಲೆಯುಳ್ಳ ಇಂಥ ಹಕ್ಕುಗಳು ಮಾಲಿನ ಸ್ಥಾನ ಪಡೆದಿವೆ ಎಂಬ ಅಭಿಪ್ರಾಯಕ್ಕೆ ಬಂದರು. ಮಗ ತಂದೆಗಿಂತ ಭಿನ್ನವಾದ ತೀರ್ಮಾನ ಕೊಟ್ಟರೂ ತಂದೆಯ ಕುರಿತ ಅದಬು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ವಾದಿಸುವುದನ್ನು ಕಲಿಯಬೇಕೆಂಬ ನಮ್ಮ ಹುಡುಗರು ಮೊದಲು ಇದನ್ನು ಓದಲಿ ಎಂದು ನನಗೆ ಅನೇಕ ಸಲ ಅನಿಸಿದೆ.

1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಇದರ ಕುರಿತು ನಿರ್ಣಯ ಹೊರಡಿಸಿತು. ವ್ಯಾಪಾರದ ಹೆಸರು ಮತ್ತು ಚಿಹ್ನೆ, ಗ್ರಂಥರಚನೆ, ಆವಿಷ್ಕಾರ ಇವುಗಳ ಹಕ್ಕು ಒಡೆಯರಿಗೆ ಸೇರಿದ್ದು, ಶರೀಅತ್ತು ಅದನ್ನು ಮಾನ್ಯ ಮಾಡುತ್ತದೆ, ಅದರ ಮೇಲೆ ಅತಿಕ್ರಮಣ ಸಲ್ಲದು ಎಂಬುದು ಅದರ ಸಾರಾಂಶ. ಬಿಡಿ, ನಮ್ಮ ಮನೆ ಅಂಗಡಿಗಳ ಸ್ಥಿತಿ ಹೇಗಿದೆ? ಪರವಾನಗಿಯಿಲ್ಲದ ತಂತ್ರಾಂಶದಲ್ಲಿ ದೀನೀ ಕರಪತ್ರ ಸಿದ್ಧವಾಗುತ್ತದೆ, ಅದೇ ಮೇಜಿನ ಮೇಲೆ ಕಂಪೆನಿಗಳ ಕಳ್ಳತನದ ಚರ್ಚೆಯೂ ನಡೆಯುತ್ತದೆ! ತಿಳಿದೂ ತಿಳಿದೂ ಕಳ್ಳಪ್ರತಿಯನ್ನು ಗಣಕದಲ್ಲಿ ಬಳಸುವುದು ಕೃತಿಸ್ವಾಮ್ಯ ಕಾಯ್ದೆಯ 63ಬಿ ವಿಧಿಯ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಬಡತನದ ನೆಪವೂ ಈಗ ಉಳಿದಿಲ್ಲ. ಲಿಬ್ರೆ ಆಫೀಸ್‌ನಂಥ ತಂತ್ರಾಂಶಗಳನ್ನು ಅವುಗಳ ತಯಾರಕರೇ ಉಚಿತವಾಗಿ ಬಿಟ್ಟಿದ್ದಾರೆ, ನುಡಿಯೂ ಉಚಿತ.

ಪೇಟೆಂಟಿನ ಮಾತು

ಪೇಟೆಂಟು ಎಂದರೆ ಹೊಸ ಆವಿಷ್ಕಾರಕ್ಕೆ ಸರಕಾರವು ಕೊಡುವ ನಿರ್ದಿಷ್ಟ ಅವಧಿಯ ಏಕಸ್ವಾಮ್ಯ. ನಮ್ಮ ದೇಶದಲ್ಲಿ ಅದರ ಅವಧಿ 20 ವರ್ಷ. ಒಂದು ದೇಶದ ಪೇಟೆಂಟು ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ. ಬರಿಯ ಗಣಕ ತಂತ್ರಾಂಶಕ್ಕೆ ಭಾರತದಲ್ಲಿ ಪೇಟೆಂಟು ಇಲ್ಲ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ಈ ಬಾಗಿಲನ್ನು ಸ್ವಲ್ಪ ತೆರೆಯುವ ಯತ್ನ ನಡೆದಿತ್ತು. 2005ರಲ್ಲಿ ಸಂಸತ್ತು ಅದನ್ನು ಕೈಬಿಟ್ಟಿತು. ಅಮೆರಿಕದ ಸುದ್ದಿಯನ್ನು ಓದಿ ಇಲ್ಲಿಯ ಹುಡುಗನೊಬ್ಬನ ತಂತ್ರಾಂಶವನ್ನು ‘ಪೇಟೆಂಟು ಮುರಿದದ್ದು’ ಎನ್ನುವವರು ಇದನ್ನು ಗಮನಿಸಬೇಕು.

ಶಿಷ್ಟತೆಯೂ ಪೇಟೆಂಟೂ ಒಂದಕ್ಕೊಂದು ಹೆಣೆದುಕೊಂಡಾಗ ವಿಷಯ ಇನ್ನಷ್ಟು ಸೂಕ್ಷ್ಮ. ಫೋನು ಫೋನಿನೊಂದಿಗೆ ಮಾತನಾಡಬೇಕಾದರೆ ಎಲ್ಲ ತಯಾರಕರೂ ಒಂದೇ ಶಿಷ್ಟತೆಯನ್ನು ಅನುಸರಿಸಬೇಕು. ಆ ಶಿಷ್ಟತೆಯೊಳಗೆ ಕೆಲವು ಕಂಪೆನಿಗಳ ಪೇಟೆಂಟುಗಳು ಸೇರಿರುತ್ತವೆ. ಬಳಸದೆ ವಿಧಿಯಿಲ್ಲ, ಬಳಸಿದರೆ ಶುಲ್ಕ ಕೊಡಬೇಕು. ಶುಲ್ಕ ಎಷ್ಟು ಎಂಬುದೇ ಜಗಳ. ಎರಿಕ್ಸನ್ ಕಂಪೆನಿಯ ದಾವೆಯಲ್ಲಿ 2014ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಶಿಯೋಮಿ ಫೋನುಗಳ ಮಾರಾಟವನ್ನು ತಡೆಯಿತು. ಕೆಲವೇ ದಿನಗಳಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು, ಪ್ರತಿ ಫೋನಿಗೆ 100 ರೂಪಾಯಿ ಠೇವಣಿ ಇಡುವ ಷರತ್ತಿನ ಮೇಲೆ, ಕ್ವಾಲ್‌ಕಾಂ ಚಿಪ್ ಇರುವ ಫೋನುಗಳನ್ನು ಮಾರಲು ಅನುಮತಿ ನೀಡಿತು. ಮೊದಲ ಸುದ್ದಿಯನ್ನಷ್ಟೇ ಕೇಳಿ ಅಂಗಡಿಯವನನ್ನು ‘ನಿಷೇಧಿತ ಮಾಲು ಮಾರುತ್ತೀಯಾ’ ಎಂದು ಕೇಳುವವನು ಯಾರ ಜೀವನೋಪಾಯದ ಮೇಲೆ ಕಲ್ಲೆಸೆಯುತ್ತಿದ್ದಾನೆ?

ಸುದ್ದಿ ಬಂದಾಗ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಹುಜುರಾತ್‌ನಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂಬ ಅರ್ಥದ ಹದೀಸನ್ನು ಇಮಾಮ್ ಮುಸ್ಲಿಂ(ರ) ತಮ್ಮ ಗ್ರಂಥದ ಆರಂಭದಲ್ಲೇ ಕೊಟ್ಟಿದ್ದಾರೆ. ನ್ಯಾಯಾಲಯದ ಸುದ್ದಿಗೆ ಇದನ್ನು ಅನ್ವಯಿಸುವುದೆಂದರೆ ಯಾವ ದೇಶದ ನ್ಯಾಯಾಲಯ, ಮಧ್ಯಂತರ ಆದೇಶವೋ ಅಂತಿಮ ತೀರ್ಪೋ, ನಂತರ ಮೇಲ್ಮನವಿಯಲ್ಲಿ ಏನಾಯಿತು ಎಂದು ಕೇಳುವುದು. ಇಷ್ಟು ಕೇಳಿದರೆ ಕಟ್ಟೆಯ ಅರ್ಧದಷ್ಟು ವಾದ ತಾನಾಗಿ ನಿಲ್ಲುತ್ತದೆ.

ಹಾಗಾದರೆ ಮೌನವೇ ಮಾರ್ಗವೇ? ಅಲ್ಲ. 1995ರಲ್ಲಿ ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟು ಸಿಕ್ಕಿತು. ನಮ್ಮ ಅಜ್ಜಿಯರೆಲ್ಲ ಬಲ್ಲ ಮದ್ದು! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಅದನ್ನು ಪ್ರಶ್ನಿಸಿ 32 ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಕೆಲವು ನೂರು ವರ್ಷಗಳಿಗಿಂತ ಹಳೆಯವು. ಸಂಸ್ಕೃತ, ಹಿಂದಿಗಳ ಜೊತೆಗೆ ಉರ್ದು ಬರಹಗಳೂ ಇದ್ದವು. 1997ರಲ್ಲಿ ಆ ಪೇಟೆಂಟು ರದ್ದಾಯಿತು. ಕೂಗಾಡಿದ್ದರಿಂದಲ್ಲ, ಯಾರೋ ಹಕೀಮರೋ ವೈದ್ಯರೋ ಎಂದೋ ಬರೆದಿಟ್ಟದ್ದನ್ನು ಹುಡುಕಿ ತೆಗೆದದ್ದರಿಂದ. ಬರೆದಿಡದಿದ್ದರೆ?

ಬ್ಯಾಡಗಿಯ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಪೇಟೆಂಟು ಒಡೆಯನೊಬ್ಬನದು, ಈ ಗುರುತು ಹಾಗಲ್ಲ, ಆ ಸೀಮೆಯಲ್ಲಿ ಆ ತಳಿ ಬೆಳೆಯುವ ಎಲ್ಲ ರೈತರ ಪಾಲು. ಬೇರೆ ಕಡೆಯ ಕಾಯಿಯನ್ನು ಬ್ಯಾಡಗಿಯೆಂದು ಹೇಳಿ ಮಾರುವವನು ಕೊಳ್ಳುವವನನ್ನು ಮಾತ್ರವಲ್ಲ, ಇಷ್ಟೂ ರೈತರನ್ನು ವಂಚಿಸುತ್ತಾನೆ. ಸಾಫ್ಟ್‌ವೇರಿನ ಜಗಳ ಕಠಿಣವೆನಿಸಿದವರು ಇದರಿಂದ ಅರ್ಥಮಾಡಿಕೊಳ್ಳಲಿ.

ಕೊನೆಯದಾಗಿ, ವಾದಕ್ಕೆ ವ್ಯಯವಾಗುವ ಸಮಯದಲ್ಲಿ ಆಗಬಹುದಾದ ಕೆಲಸವೊಂದಿದೆ. ‘ಝೈನಬ್’, ‘ಫಾತಿಮಾ’ ಮೊದಲಾದ ಹೆಸರುಗಳ ಧ್ವನಿಯನ್ನು ಕನ್ನಡದಲ್ಲಿ ತೋರಿಸಲು ಅಕ್ಷರದಡಿ ನುಕ್ತಾ ಇಡುವ ಕ್ರಮವಿದೆಯಷ್ಟೆ. ಯುನಿಕೋಡಿನ ಕನ್ನಡ ಭಾಗಕ್ಕೆ ಆ ಗುರುತು ಸೇರಿದ್ದು 2003ರಲ್ಲಿ, ಮೊದಲು ಇರಲಿಲ್ಲ. ಶಿಷ್ಟತೆಗಳು ಆಕಾಶದಿಂದ ಇಳಿಯುವುದಿಲ್ಲ, ಕೊರತೆಯನ್ನು ದಾಖಲೆ ಸಹಿತ ತಿಳಿಸಿದರೆ ಅವು ತಿದ್ದಲ್ಪಡುತ್ತವೆ. ಇನ್ನು ನಮ್ಮ ಮಸೀದಿ ಕಮಿಟಿಗಳ ಹಳೆಯ ಠರಾವುಗಳು, ಮದ್ರಸಾದ ಪ್ರಶ್ನೆಪತ್ರಿಕೆಗಳು, ಮೃತರಾದ ಉಸ್ತಾದರುಗಳ ಭಾಷಣಗಳ ಬರಹಗಳು ಹಳೆಯ ಫಾಂಟುಗಳಲ್ಲೇ ಉಳಿದಿವೆ. ಅವನ್ನು ತೆರೆಯಬಲ್ಲ ಗಣಕಗಳು ವರ್ಷದಿಂದ ವರ್ಷಕ್ಕೆ ಕೆಡುತ್ತಿವೆ. ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳು ಕೆಲವೆಡೆ ಕೆಡುವುದರಿಂದ ಬದಲಾಯಿಸಿದ ಮೇಲೆ ಕನ್ನಡ ಬಲ್ಲವರೊಬ್ಬರು ಮೂಲದೊಂದಿಗೆ ಹೋಲಿಸಿ ಓದಬೇಕು. ಪ್ರತಿ ಜಮಾಅತ್ತಿನಲ್ಲಿ ಇಬ್ಬರು ಯುವಕರು ಜುಮಾ ದಿನದ ಒಂದೊಂದು ತಾಸನ್ನು ಇದಕ್ಕೆಂದು ಎತ್ತಿಡಬಹುದು. ಹಳೆಯ ಕಡತವನ್ನು ಅಳಿಸದೆ ಪ್ರತ್ಯೇಕವಾಗಿ ಕಾದಿರಿಸಿರಿ.