ಮಳೆ, ಕೆರೆ, ಬಾವಿ: ಒಂದೇ ನೀರಿನ ಸಂಚಾರ

ಭೂಮಿಯ ಮೇಲಣ ನೀರು ಒಂದೆಡೆ ನಿಲ್ಲತಕ್ಕದ್ದಲ್ಲ. ಸೂರ್ಯನ ತಾಪದಿಂದ ಸಮುದ್ರ, ಕೆರೆ, ಹೊಲಗಳ ನೀರು ಆವಿಯಾಗಿ ಮೇಲೇರುವುದು. ಗಿಡಮರಗಳೂ ಬೇರಿನಿಂದ ಹೀರಿದ ನೀರನ್ನು ಎಲೆಗಳ ಮೂಲಕ ಆವಿಯಾಗಿ ಬಿಡುವುವು. ಆ ಆವಿಯು ತಂಪಾಗಿ, ಮೋಡವಾಗಿ, ಮಳೆಯಾಗಿ ಹಿಂದಿರುಗುವುದು. ಭೂಮಿಯಲ್ಲಿರುವ ನೀರಿನಲ್ಲಿ ನೂರಕ್ಕೆ ಸುಮಾರು 97 ಪಾಲು ಸಮುದ್ರದ ಉಪ್ಪುನೀರು. ಉಳಿದ ಸಿಹಿನೀರಿನಲ್ಲಿಯೂ ಮೂರರಲ್ಲಿ ಎರಡು ಪಾಲು ಹಿಮವಾಗಿ ಗಟ್ಟಿಗೊಂಡಿರುವುದು. ಆದುದರಿಂದ ರೈತನಿಗೆ ದಕ್ಕುವುದು ಅತ್ಯಲ್ಪ.

ಮುಂಗಾರು ಮಾರುತಗಳು ಅರಬ್ಬೀ ಸಮುದ್ರದ ಆವಿಯನ್ನು ತಂದು ಪಶ್ಚಿಮ ಘಟ್ಟಗಳ ಮೇಲೆ ಸುರಿಸುವುವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದುಂಟು. ಘಟ್ಟವನ್ನು ದಾಟಿದ ಗಾಳಿಯಲ್ಲಿ ತೇವವು ಕಡಮೆ. ಕೋಲಾರ ಸೀಮೆಗೆ ಹಿಂಗಾರನ್ನೂ ಸೇರಿಸಿ ಬರುವುದು ಸುಮಾರು 700 ಮಿಲಿಮೀಟರು, ಅಂದರೆ 28 ಅಂಗುಲ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರು ನೀರಾಗುವುದು. ಈ ಲೆಕ್ಕದಂತೆ ಅಲ್ಲಿನ ಪ್ರತಿಯೊಂದು ಎಕರೆಯೂ ವರ್ಷಕ್ಕೆ ಸುಮಾರು 28 ಲಕ್ಷ ಲೀಟರು ಪಡೆಯುವುದು. ಇದು ಕೆಲವೇ ದಿನಗಳಲ್ಲಿ ಬಿದ್ದು ಹರಿದುಹೋಗುವುದೇ ಕಷ್ಟಕ್ಕೆ ಕಾರಣ.

ವರ್ಷವೆಲ್ಲ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಪೂರ್ವಿಕರು ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ ಬರುವಂತೆ ಏರ್ಪಡಿಸಿದರು. ತೂಬಿನಿಂದ ಗದ್ದೆಗೆ ಹರಿಯುವಷ್ಟೇ ಕೆರೆಯ ಪ್ರಯೋಜನವೆಂದು ತಿಳಿಯಬಾರದು. ಕೆರೆಯಂಗಳದಿಂದ ಇಂಗಿದ ನೀರು ಶಿಥಿಲವಾದ ಕಲ್ಲಿನ ಪದರದಲ್ಲಿ ಸೇರಿ, ಸುತ್ತಣ ಬಾವಿಗಳಿಗೆ ಒದಗುವುದು. ಕೆರೆಯ ನೀರೂ ಬಾವಿಯ ನೀರೂ ಬೇರೆಬೇರೆಯಲ್ಲ.

ಹೂಳಿನಿಂದಾಗುವ ನಷ್ಟವು ಇಮ್ಮಡಿಯಾದುದು. ನೀರು ಆವಿಯಾಗುವುದು ಅದರ ಹರವಿನಿಂದಲೇ ಹೊರತು ಆಳದಿಂದಲ್ಲ. ಹತ್ತಡಿ ಆಳದ ಕೆರೆಯು ಹೂಳು ತುಂಬಿ ಐದಡಿಯಾದರೆ, ಹರವು ಹಾಗೆಯೇ ಇರುವವರೆಗೆ ಬಿಸಿಲಿಗೆ ಹೋಗುವ ನೀರು ಮೊದಲಿನಷ್ಟೇ. ಉಳಿಯುವ ನೀರು ಮಾತ್ರ ಅರ್ಧಕ್ಕಿಂತಲೂ ಕಡಮೆ. ಮೇಲಾಗಿ ನಯವಾದ ಹೂಳು ಅಂಗಳದ ರಂಧ್ರಗಳನ್ನು ಮುಚ್ಚಿ ಇಂಗುವಿಕೆಯನ್ನು ತಡೆಯುವುದು.

ತೆರೆದ ಬಾವಿಗಳು ಬತ್ತಿದ ಮೇಲೆ ಜನರು ಕೊಳವೆ ಬಾವಿಗಳನ್ನು ತೋಡಿಸಿದರು. ಕೋಲಾರ ಸೀಮೆಯಲ್ಲಿ ಅನೇಕ ಕಡೆ ಸಾವಿರ ಅಡಿಗೂ ಆಳಕ್ಕೆ ಹೋಗಬೇಕಾಯಿತು. ಅಷ್ಟು ಆಳದ ಗಟ್ಟಿಬಂಡೆಯ ಬಿರುಕುಗಳಲ್ಲಿರುವ ನೀರು ಅನೇಕ ವರ್ಷಗಳಿಂದ ಶೇಖರವಾದದ್ದು. ಒಂದು ಮಳೆಗಾಲದಲ್ಲಿ ಮರಳಿ ತುಂಬತಕ್ಕದ್ದಲ್ಲ. ಕೆಲವೆಡೆ ಅದರಲ್ಲಿ ಫ್ಲೋರೈಡು ಹೆಚ್ಚಾಗಿದ್ದು, ಕುಡಿಯುವವರ ಹಲ್ಲು ಮೂಳೆಗಳನ್ನು ಕೆಡಿಸುವುದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗಿ, ಆ ಕೆರೆಗಳ ಸುತ್ತಣ ಅಂತರ್ಜಲವು ಮೇಲೇರಿತು. ಕೆರೆ ತುಂಬಿದರೆ ಬಾವಿ ತುಂಬುವುದೆಂಬುದಕ್ಕೆ ಇದೇ ನಿದರ್ಶನ.

ಆದಕಾರಣ ರೈತರೂ ಗ್ರಾಮದ ಮುಖಂಡರೂ ಈ ಕೆಳಗಿನ ವಿಷಯಗಳಲ್ಲಿ ಶ್ರದ್ಧೆ ವಹಿಸತಕ್ಕದ್ದು:

1. ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಬದುಗಳನ್ನು ಮಳೆಗೆ ಮುಂಚೆಯೇ ಭದ್ರಪಡಿಸಬೇಕು. ಇದರಿಂದ ನೀರು ಹೊಲದಲ್ಲಿಯೇ ಇಂಗುವುದು, ಮೇಲ್ಮಣ್ಣು ಕೆರೆಗೆ ಸೇರದು.

2. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಗಳಿಗೆ ಹರಡಬೇಕು. ಮರಳು ಮಿಶ್ರಿತ ಕೆಮ್ಮಣ್ಣಿನ ಭೂಮಿಗೆ ಇದು ವಿಶೇಷವಾಗಿ ಹಿತಕರ. ಹೂಳು ತೆಗೆಯುವಾಗ ಏರಿಯ ಬುಡವನ್ನು ಅಗೆಯಲಾಗದು.

3. ಕೆರೆಗೆ ನೀರು ತರುವ ಕಾಲುವೆಗಳನ್ನೂ ಕೋಡಿಯನ್ನೂ ಒತ್ತುವರಿಯಿಲ್ಲದೆ ಕಾಪಾಡಬೇಕು. ಮೇಲಣ ಗ್ರಾಮದವರು ಕಾಲುವೆಯನ್ನು ಮುಚ್ಚಿದರೆ ಕೆಳಗಣ ಗ್ರಾಮದವರ ಬಾವಿ ಬತ್ತುವುದು.

4. ಏರಿಯ ಮೇಲೆ ದೊಡ್ಡ ಮರಗಳು ಬೆಳೆಯಗೊಡಬಾರದು. ಅವುಗಳ ಬೇರು ಸತ್ತ ಮೇಲೆ ಆ ಜಾಡಿನಲ್ಲಿ ನೀರು ಸೋರಿ ಏರಿಯು ಒಡೆಯುವ ಅಪಾಯವುಂಟು.

ಹಿಂದೆ ನೀರಗಂಟಿಯು ತೂಬನ್ನು ಕಾಯುತ್ತಿದ್ದನು. ಗ್ರಾಮಸ್ಥರೆಲ್ಲರೂ ಕೂಡಿ ಏರಿಯನ್ನು ದುರಸ್ತುಮಾಡುತ್ತಿದ್ದರು. ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಬಿದ್ದ ನೀರು ಗ್ರಾಮದ ಎಲ್ಲೆಯನ್ನು ದಾಟುವುದಕ್ಕೆ ಮೊದಲು ಎಷ್ಟು ಕಾಲ ನಿಲ್ಲಬೇಕೆಂಬುದು ಬಹುಮಟ್ಟಿಗೆ ಗ್ರಾಮಸ್ಥರ ಕೈಯಲ್ಲಿಯೇ ಇರುವುದು.